ಸ್ಪೆಷಲ್ ಫಂಕ್ಷನ್ ರಿಜಿಸ್ಟರ್‌ಗಳನ್ನು ಓದುವುದು, ಬರೆಯುವುದು ಹೇಗೆ? 8051 ಹಿಡಿದು ಒಂದು ಮಾರ್ಗದರ್ಶಿ

ಒಂದು ಸಾಮಾನ್ಯ ವೇರಿಯಬಲ್‌ಗೆ ಸೊನ್ನೆ ಹಾಕಿದರೆ ಹೊರಗೆ ಏನೂ ಕಾಣುವುದಿಲ್ಲ. 8051 ಎಂಬ ಮೈಕ್ರೋಕಂಟ್ರೋಲರ್ ಚಿಪ್ಪಿನಲ್ಲಿ ಪಿ1 ಎಂಬ ಹೆಸರಿಗೆ ಅದೇ ಸೊನ್ನೆ ಹಾಕಿದರೆ ಅದರ ಪಿನ್‌ಗಳಿಗೆ ಕಟ್ಟಿದ ಎಂಟು ಎಲ್‌ಇಡಿ ಹತ್ತಿಕೊಳ್ಳುತ್ತವೆ. ಸಿ ಭಾಷೆಯಲ್ಲಿ ಎರಡೂ ಸಾಲು ಒಂದೇ ತರಹ ಇರುತ್ತವೆ. ಕಂಪೈಲರ್ ತಯಾರಿಸುವ ಆದೇಶವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಹತ್ತಿಸಿದ್ದು ಯಾರು?

ವಿಳಾಸ. ರ್‍ಯಾಮಿನ ಒಂದು ಬಿಟ್ ಅಂದರೆ ಸುಮ್ನೆ ನೆನಪಿಟ್ಟುಕೊಳ್ಳುವ ಒಂದು ಕೋಶ. ಅದರಲ್ಲಿ ಇಟ್ಟದ್ದು ಮತ್ತೆ ಪ್ರೊಸೆಸರ್ ಕೇಳಿದಾಗ ಮಾತ್ರ ಹೊರಗೆ ಬರುತ್ತದೆ. ಸ್ಪೆಷಲ್ ಫಂಕ್ಷನ್ ರಿಜಿಸ್ಟರ್‌ನಲ್ಲಿ, ಅಂದರೆ ಎಸ್‌ಎಫ್‌ಆರ್‌ನಲ್ಲಿ, ಬಿಟ್ ಹಿಡಿದಿಡುವ ಫ್ಲಿಪ್‌ಫ್ಲಾಪ್‌ನಿಂದ ಇನ್ನೊಂದು ತಂತಿ ಹೊರಡುತ್ತದೆ. ಆ ತಂತಿ ಪಿನ್‌ನ ಟ್ರಾನ್ಸಿಸ್ಟರ್‌ಗೆ ಹೋಗಬಹುದು, ಟೈಮರ್‌ನ ಗೇಟಿಗೆ ಹೋಗಬಹುದು, ಸೀರಿಯಲ್ ಪೋರ್ಟಿನ ಒಳಗೆ ಹೋಗಬಹುದು. ಇನ್ನು ಕೆಲವು ಬಿಟ್‌ಗಳಲ್ಲಿ ತಂತಿ ಎದುರು ದಿಕ್ಕಿನಿಂದ ಬರುತ್ತದೆ. ಅಲ್ಲಿ ಬರೆಯುವುದು ಹಾರ್ಡ್‌ವೇರ್, ನಾವು ಓದುವವರು ಅಷ್ಟೇ.

ಹಾಗಾಗಿ ಎಸ್‌ಎಫ್‌ಆರ್ ಜೊತೆ ಕೆಲಸ ಮಾಡುವಾಗ ಒಂದು ಅಭ್ಯಾಸ ಬೇಕು. ಪ್ರತಿ ಸಲ ಬರೆಯುವಾಗಲೂ ಓದುವಾಗಲೂ "ಇದರಿಂದ ಚಿಪ್ಪಿನೊಳಗೆ ಏನು ನಡೆಯುತ್ತದೆ?" ಅಂತ ಕೇಳಿಕೊಳ್ಳಬೇಕು. ಬರೆದದ್ದೇ ವಾಪಸ್ ಬರುತ್ತದೆ ಅಂತ ನಂಬಿಕೊಂಡರೆ ಕೆಲಸ ಕೆಡುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಅಭ್ಯಾಸ ಬೆಳೆಸಿಕೊಳ್ಳುವುದಕ್ಕೇ.

ಉದಾಹರಣೆಗೆ 8051 ಹಿಡಿದಿದ್ದೇನೆ. ಇಂಟೆಲ್ ಇದನ್ನು ಹೊರತಂದದ್ದು 1980ರಲ್ಲಿ. ಹಳೆಯದು ನಿಜ. ಆದರೆ ಇದರ ಎಲ್ಲ ಎಸ್‌ಎಫ್‌ಆರ್‌ಗಳನ್ನೂ ಒಂದೇ ಹಾಳೆಯಲ್ಲಿ ಬರೆಯಬಹುದು. ಕಲಿಯುವುದಕ್ಕೆ ಇಷ್ಟು ಚಿಕ್ಕದಾಗಿ ಬೇರೆ ಸಿಗುವುದು ಕಷ್ಟ. ಕೊನೆಯಲ್ಲಿ ಎವಿಆರ್, ಪಿಐಸಿ, ಎಸ್‌ಟಿಎಂ32 ಎಂಬ ಬೇರೆ ಚಿಪ್ ಕುಟುಂಬಗಳ ಕಡೆಗೂ ಹೋಗೋಣ.

ಹೆಜ್ಜೆ 1: ನಕ್ಷೆ ಬಿಡಿಸಿಕೊಳ್ಳಿ

8051ರ ಒಳಗೆ 00ರಿಂದ 7ಎಫ್ ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) ತನಕ 128 ಬೈಟ್ ರ್‍ಯಾಮ್ ಇದೆ. 80 ಹೆಕ್ಸ್‌ನಿಂದ ಎಫ್‌ಎಫ್ ತನಕದ ಜಾಗ ಎಸ್‌ಎಫ್‌ಆರ್‌ಗಳದ್ದು. 128 ವಿಳಾಸಗಳಲ್ಲಿ ಮೂಲ 8051 ಬಳಸುವುದು ಬರೀ 21. ಉಳಿದವು ಖಾಲಿ. ಖಾಲಿ ವಿಳಾಸವನ್ನು ಓದಿದರೆ ಏನು ಬರುತ್ತದೆ ಅಂತ ಹೇಳಲಾಗದು, ಬರೆದರೆ ಎಲ್ಲಿಗೂ ಹೋಗುವುದಿಲ್ಲ. ಆ ಜಾಗವನ್ನು ರ್‍ಯಾಮ್ ಅಂತ ಬಳಸಲು ಹೋಗಬೇಡಿ.

ಒಂದು ಹಾಳೆ ತೆಗೆದುಕೊಂಡು 21ನ್ನೂ ಗುಂಪು ಮಾಡಿ ಬರೆಯಿರಿ. ಪೋರ್ಟ್‌ಗಳು ನಾಲ್ಕು: ಪಿ0, ಪಿ1, ಪಿ2, ಪಿ3. ಇವುಗಳ ವಿಳಾಸ ಕ್ರಮವಾಗಿ 80, 90, ಎ0, ಬಿ0. ಟೈಮರ್‌ಗೆ ಆರು: ಟಿಮಾಡ್, ಟಿಕಾನ್, ಟಿಎಚ್0, ಟಿಎಲ್0, ಟಿಎಚ್1, ಟಿಎಲ್1. ಸೀರಿಯಲ್‌ಗೆ ಎರಡು: ಎಸ್‌ಕಾನ್, ಎಸ್‌ಬಫ್. ಇಂಟರಪ್ಟ್‌ಗೆ, ಅಂದರೆ ಓಡುತ್ತಿರುವ ಕೋಡನ್ನು ತಡೆದು ಬೇರೆ ಕೋಡಿಗೆ ಹಾರಿಸುವ ಕರೆಗೆ, ಎರಡು: ಐಇ, ಐಪಿ. ಕರೆಂಟ್ ಉಳಿತಾಯಕ್ಕೆ ಪಿಕಾನ್. ಉಳಿದ ಆರು ಪ್ರೊಸೆಸರ್‌ನ ಸ್ವಂತ ಸಾಮಾನು: ಎಸಿಸಿ, ಬಿ, ಪಿಎಸ್‌ಡಬ್ಲ್ಯೂ, ಎಸ್‌ಪಿ, ಡಿಪಿಎಲ್, ಡಿಪಿಎಚ್.

ಈಗ ವಿಳಾಸ 0 ಅಥವಾ 8ರಲ್ಲಿ ಮುಗಿಯುವ ರಿಜಿಸ್ಟರ್‌ಗಳ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಹನ್ನೊಂದು ಸಿಗುತ್ತವೆ. ಇವುಗಳಲ್ಲಿ ಒಂದೊಂದು ಬಿಟ್‌ಗೂ ಬೇರೆ ವಿಳಾಸ ಇದೆ, ಒಂದೇ ಬಿಟ್ ಮುಟ್ಟಿ ಬರಬಹುದು. ಟಿಕಾನ್ ವಿಳಾಸ 88, ಚುಕ್ಕೆ ಇದೆ. ಅದರ ಪಕ್ಕದ ಟಿಮಾಡ್ 89, ಚುಕ್ಕೆ ಇಲ್ಲ. ಟೈಮರ್ ಶುರು ಮಾಡುವ ಬಿಟ್‌ಗೆ ನೇರವಾಗಿ 1 ಹಾಕಬಹುದು, ಮೋಡ್ ಬಿಟ್‌ಗೆ ಹಾಗೆ ಆಗುವುದಿಲ್ಲ ಯಾಕೆ ಅನ್ನುವುದಕ್ಕೆ ಉತ್ತರ ಇಷ್ಟೇ.

8052 ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅದರಲ್ಲಿ ರ್‍ಯಾಮ್ 256 ಬೈಟ್. ಮೇಲಿನ 128 ಬೈಟ್ ರ್‍ಯಾಮ್‌ಗೂ ಎಸ್‌ಎಫ್‌ಆರ್‌ಗಳಿಗೂ ವಿಳಾಸ ಒಂದೇ! ಯಾವುದು ಸಿಗುತ್ತದೆ ಎನ್ನುವುದನ್ನು ಆದೇಶದ ರೀತಿ ತೀರ್ಮಾನಿಸುತ್ತದೆ. ವಿಳಾಸವನ್ನು ಆದೇಶದಲ್ಲೇ ನೇರವಾಗಿ ಬರೆದರೆ ಎಸ್‌ಎಫ್‌ಆರ್. ಆರ್0 ಅಥವಾ ಆರ್1ರಲ್ಲಿ ವಿಳಾಸ ಇಟ್ಟು ಅದರ ಮೂಲಕ ಹೋದರೆ ರ್‍ಯಾಮ್. ಸಿ ಭಾಷೆಯವರಿಗೆ ಇದರ ಅರ್ಥ ಏನೆಂದರೆ, 8051 ಕುಟುಂಬದಲ್ಲಿ ಎಸ್‌ಎಫ್‌ಆರ್‌ಗೆ ಪಾಯಿಂಟರ್ ಇಟ್ಟು ಕೆಲಸ ಮಾಡಲಾಗದು. 90 ಹೆಕ್ಸ್‌ಗೆ ಪಾಯಿಂಟರ್ ಇಟ್ಟು ಬರೆದರೆ ಪೋರ್ಟ್ ಕದಲುವುದಿಲ್ಲ. ಅದಕ್ಕೇ ಈ ಕುಟುಂಬದ ಕಂಪೈಲರ್‌ಗಳು ಎಸ್‌ಎಫ್‌ಆರ್ ಘೋಷಿಸುವುದಕ್ಕೆ ಬೇರೆಯೇ ಪದ ಇಟ್ಟುಕೊಂಡಿವೆ.

ಹೆಜ್ಜೆ 2: ಡೇಟಾಶೀಟ್‌ನ ಪುಟದಲ್ಲಿ ನಾಲ್ಕು ವಿಷಯ ಹುಡುಕಿ

ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರು ಕೊಡುವ ಚಿಪ್ಪಿನ ವಿವರದಲ್ಲಿ, ರಿಜಿಸ್ಟರ್‌ನ ಪುಟ ತೆರೆದ ತಕ್ಷಣ ಎಲ್ಲರ ಕಣ್ಣು ಬಿಟ್‌ಗಳ ಹೆಸರಿನ ಮೇಲೆ ಹೋಗುತ್ತದೆ. ಅದು ಆಮೇಲೆ ನೋಡಿದರೂ ಆಗುತ್ತದೆ. ಮೊದಲು ನೋಡಬೇಕಾದ್ದು ವಿಳಾಸ. ಎರಡನೆಯದು ರೀಸೆಟ್ ಆದಾಗ ಇರುವ ಬೆಲೆ. ಮೂರನೆಯದು ಪ್ರತಿ ಬಿಟ್‌ನ ಮೇಲೋ ಕೆಳಗೋ ಬರೆದಿರುವ ಅನುಮತಿ: ಓದಬಹುದೇ, ಬರೆಯಬಹುದೇ, ಎರಡೂ ಆಗುತ್ತದೆಯೇ. ನಾಲ್ಕನೆಯದನ್ನು ಪಟ್ಟಿಯಲ್ಲಿ ಬರೆದಿರುವುದಿಲ್ಲ, ಕೆಳಗಿನ ವಿವರಣೆ ಓದಿಯೇ ತಿಳಿಯಬೇಕು. ನಮ್ಮನ್ನು ಬಿಟ್ಟು ಇನ್ಯಾರು ಈ ಬಿಟ್ ಬದಲಿಸುತ್ತಾರೆ?

ರೀಸೆಟ್ ಬೆಲೆಯನ್ನು ಬಹಳ ಜನ ಓದುವುದೇ ಇಲ್ಲ. 8051ರಲ್ಲಿ ಹೆಚ್ಚಿನವು ಸೊನ್ನೆಯಿಂದ ಶುರುವಾಗುತ್ತವೆ. ಆದರೆ ನಾಲ್ಕೂ ಪೋರ್ಟ್‌ಗಳು ಎಲ್ಲ ಬಿಟ್ 1 ಆಗಿ ಏಳುತ್ತವೆ. ಪಿನ್‌ಗೆ ರಿಲೇ ಕಟ್ಟಿ, 1 ಬಂದಾಗ ರಿಲೇ ಎಳೆಯುವ ಹಾಗೆ ಸರ್ಕ್ಯೂಟ್ ಮಾಡಿದ್ದೀರಾ? ಕರೆಂಟ್ ಕೊಟ್ಟ ಕೂಡಲೇ, ನಿಮ್ಮ ಕೋಡಿನ ಮೊದಲ ಸಾಲು ಓಡುವ ಮೊದಲೇ, ರಿಲೇ ಒಂದು ಸಲ ಟಕ್ ಎನ್ನುತ್ತದೆ. ಇದನ್ನು ಕೋಡಿನಲ್ಲಿ ಸರಿಮಾಡಲಾಗದು. ಸರ್ಕ್ಯೂಟನ್ನೇ 0 ಬಂದಾಗ ಎಳೆಯುವ ಹಾಗೆ ಬದಲಿಸಬೇಕು.

ಸ್ಟ್ಯಾಕ್‌ನ ತುದಿ ಎಲ್ಲಿದೆ ಎಂದು ಹೇಳುವ ಎಸ್‌ಪಿ ಕೂಡ ಹಾಗೇ. ಅದು 07ರಿಂದ ಏಳುತ್ತದೆ. ಸ್ಟ್ಯಾಕ್‌ನ ಮೊದಲ ಬೈಟ್ 08ಕ್ಕೆ ಹೋಗುತ್ತದೆ. 08ರಿಂದ 0ಎಫ್ ತನಕ ಇರುವುದು ಎರಡನೇ ರಿಜಿಸ್ಟರ್ ಬ್ಯಾಂಕ್. ಅಸೆಂಬ್ಲಿಯಲ್ಲಿ ಆ ಬ್ಯಾಂಕ್ ಬಳಸುವವರು ಎಸ್‌ಪಿಯನ್ನು ಮೊದಲೇ ಮೇಲಕ್ಕೆ ಸರಿಸಬೇಕು. ಸಿ ಬಳಸುವವರಿಗೆ ಕಂಪೈಲರ್‌ನ ಶುರುವಿನ ಕೋಡೇ ಆ ಕೆಲಸ ಮಾಡಿಕೊಡುತ್ತದೆ.

"ಕಾಯ್ದಿರಿಸಿದೆ" ಎಂದು ಬರೆದಿರುವ ಬಿಟ್‌ಗಳಿಗೆ 1 ಹಾಕಬೇಡಿ. ಇವತ್ತು ಏನೂ ಆಗದಿರಬಹುದು. ಅದೇ ಕುಟುಂಬದ ಮುಂದಿನ ಚಿಪ್ಪಿನಲ್ಲಿ ಆ ಬಿಟ್‌ಗೆ ಒಂದು ಕೆಲಸ ಬಂದಿರುತ್ತದೆ, ಆಗ ನಿಮ್ಮ ಹಳೆಯ ಕೋಡ್ ವಿಚಿತ್ರವಾಗಿ ಆಡುತ್ತದೆ.

ಬರೀ ಬರೆಯಲು ಮಾತ್ರ ಇರುವ ರಿಜಿಸ್ಟರ್‌ಗೆ ಒಳ್ಳೆಯ ಉದಾಹರಣೆ ಎಟಿ89ಎಸ್51 ಚಿಪ್ಪಿನ ವಾಚ್‌ಡಾಗ್, ಅಂದರೆ ಕೋಡ್ ಸಿಕ್ಕಿಹಾಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ಕಾವಲುಗಾರ. ಅದರ ವಿಳಾಸ ಎ6 ಹೆಕ್ಸ್. ಅಲ್ಲಿಗೆ ಮೊದಲು 30, ಆಮೇಲೆ 225 ಬರೆಯಬೇಕು (ಹೆಕ್ಸ್‌ನಲ್ಲಿ 1ಇ ಮತ್ತು ಇ1). ಮೊದಲ ಸಲ ಹೀಗೆ ಬರೆದಾಗ ವಾಚ್‌ಡಾಗ್ ಎಚ್ಚರವಾಗುತ್ತದೆ. ಆಮೇಲೆ ಅದರ 14 ಬಿಟ್ ಎಣಿಕೆ ತುಂಬುವ ಮೊದಲೇ ಮತ್ತೆ ಮತ್ತೆ ಅದೇ ಜೋಡಿ ಬರೆಯುತ್ತಿರಬೇಕು, ಇಲ್ಲದಿದ್ದರೆ ಚಿಪ್ ತನ್ನಷ್ಟಕ್ಕೆ ರೀಸೆಟ್ ಆಗುತ್ತದೆ. ಇಲ್ಲಿ ಬರೆದ ಸಂಖ್ಯೆ ಎಲ್ಲೂ ಉಳಿಯುವುದಿಲ್ಲ. ಬರೆದ ಕ್ರಮಕ್ಕೆ ಮಾತ್ರ ಬೆಲೆ.

ಹೆಜ್ಜೆ 3: ಪೋರ್ಟ್‌ನಿಂದ ಶುರು ಮಾಡಿ, ಲ್ಯಾಚ್ ಬೇರೆ ಪಿನ್ ಬೇರೆ

ಪೋರ್ಟ್ ಸುಲಭ ಅಂತ ಎಲ್ಲರೂ ಬೇಗ ದಾಟಿಹೋಗುತ್ತಾರೆ. ನನ್ನ ಪ್ರಕಾರ ಎಸ್‌ಎಫ್‌ಆರ್ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪಿ1ಕ್ಕೆ ಒಂದು ಸಂಖ್ಯೆ ಬರೆದಾಗ ಅದು ಎಂಟು ಲ್ಯಾಚ್‌ಗಳಲ್ಲಿ, ಅಂದರೆ ಬರೆದ ಬಿಟ್ ಹಿಡಿದಿಡುವ ಫ್ಲಿಪ್‌ಫ್ಲಾಪ್‌ಗಳಲ್ಲಿ, ಕೂರುತ್ತದೆ. ಲ್ಯಾಚ್‌ನಲ್ಲಿ 0 ಇದ್ದರೆ ಒಂದು ಟ್ರಾನ್ಸಿಸ್ಟರ್ ಪಿನ್ನನ್ನು ಗಟ್ಟಿಯಾಗಿ ನೆಲಕ್ಕೆ ಎಳೆಯುತ್ತದೆ. 1 ಇದ್ದರೆ ಆ ಟ್ರಾನ್ಸಿಸ್ಟರ್ ಬಿಟ್ಟುಬಿಡುತ್ತದೆ, ಒಳಗಿನ ದುರ್ಬಲ ಪುಲ್‌ಅಪ್ (ವಿದ್ಯುತ್ ಕಡೆಗೆ ಮೆಲ್ಲಗೆ ಎಳೆಯುವ ರೆಸಿಸ್ಟರ್‌ನಂಥದ್ದು) ಪಿನ್ನನ್ನು ಮೇಲೆ ಹಿಡಿದಿರುತ್ತದೆ. ಅದಕ್ಕೇ 8051ರಲ್ಲಿ ಎಲ್‌ಇಡಿಯನ್ನು ವಿದ್ಯುತ್ ಕಡೆಯಿಂದ ರೆಸಿಸ್ಟರ್ ಮೂಲಕ ಪಿನ್‌ಗೆ ತಂದು, 0 ಬರೆದಾಗ ಹತ್ತುವ ಹಾಗೆ ಕಟ್ಟುವುದು ರೂಢಿ. 1 ಬರೆದು ಹತ್ತಿಸಲು ಹೋದರೆ ಮಂಕಾಗಿ ಹತ್ತೀತು, ಅಷ್ಟೇ. ಪಿ0ಗೆ ಆ ದುರ್ಬಲ ಪುಲ್‌ಅಪ್ ಕೂಡ ಇಲ್ಲ. ಅದಕ್ಕೆ ಹೊರಗಿನಿಂದ ರೆಸಿಸ್ಟರ್ ಕೊಡಬೇಕು.

ಸ್ವಿಚ್ ಓದಬೇಕಾದರೆ? ಈ ಚಿಪ್ಪಿನಲ್ಲಿ ದಿಕ್ಕು ಹೇಳುವ ರಿಜಿಸ್ಟರ್ ಇಲ್ಲ. ಲ್ಯಾಚ್‌ಗೆ 1 ಬರೆದು, ಎಳೆಯುವ ಟ್ರಾನ್ಸಿಸ್ಟರ್ ಬಿಡುವಂತೆ ಮಾಡಿದರೆ ಅದೇ ಇನ್‌ಪುಟ್. ಲ್ಯಾಚ್‌ನಲ್ಲಿ 0 ಉಳಿದಿದ್ದರೆ ಹೊರಗೆ ಏನೇ ಆದರೂ ನೀವು ಓದುವುದು 0.

ಇನ್ನು ಮುಖ್ಯವಾದ ಪ್ರಶ್ನೆ. ಪಿ1 ಓದಿದರೆ ಬರುವುದು ಲ್ಯಾಚ್‌ನ ಬೆಲೆಯೋ ಪಿನ್‌ನ ಬೆಲೆಯೋ? ಎರಡೂ ಬರುತ್ತವೆ, ಆದೇಶ ಯಾವುದು ಎನ್ನುವುದರ ಮೇಲೆ. ಸುಮ್ನೆ ಓದುವ ಆದೇಶ, ಉದಾಹರಣೆಗೆ ಪಿ1ನ್ನು ಅಕ್ಯುಮುಲೇಟರ್‌ಗೆ ತರುವುದು, ಪಿನ್ನನ್ನು ಓದುತ್ತದೆ. ಓದಿ, ತಿದ್ದಿ, ಅಲ್ಲೇ ವಾಪಸ್ ಬರೆಯುವ ಆದೇಶಗಳು ಲ್ಯಾಚ್ ಓದುತ್ತವೆ. ಪೋರ್ಟ್ ಮೇಲೆ ನೇರವಾಗಿ ಆಂಡ್, ಆರ್, ಎಕ್ಸ್‌ಆರ್ ಮಾಡುವುದು, ಒಂದು ಬಿಟ್ ಏರಿಸುವುದು, ಇಳಿಸುವುದು, ತಿರುಗಿಸುವುದು ಎಲ್ಲ ಈ ಗುಂಪಿಗೆ ಸೇರುತ್ತವೆ.

ಈ ವಿಂಗಡಣೆ ಯಾಕೆ ಬೇಕಾಯಿತು? ಒಂದು ಪಿನ್ ಒಂದು ಟ್ರಾನ್ಸಿಸ್ಟರ್‌ನ ಬೇಸ್ ಓಡಿಸುತ್ತಿದೆ ಅಂದುಕೊಳ್ಳಿ. ನೀವು 1 ಬರೆದಿದ್ದೀರಿ. ಆದರೆ ಬೇಸ್ ಪಿನ್ನನ್ನು ಸುಮಾರು 0.7 ವೋಲ್ಟ್‌ಗೆ ಹಿಡಿದುಬಿಡುತ್ತದೆ. ಈಗ ಪಿನ್ ಓದಿದರೆ 0 ಅಂತ ಬರುತ್ತದೆ. ಪಕ್ಕದ ಬಿಟ್ ತಿದ್ದಲು ಹೋದ ಆದೇಶ ಪಿನ್ ಓದಿದ್ದರೆ ಈ ಬಿಟ್‌ಗೂ 0 ಬರೆದು ಟ್ರಾನ್ಸಿಸ್ಟರನ್ನು ಆರಿಸಿಬಿಡುತ್ತಿತ್ತು. ಲ್ಯಾಚ್ ಓದುವುದರಿಂದ 8051 ಇದರಿಂದ ತಪ್ಪಿಸಿಕೊಂಡಿತು.

ಆದರೆ ನೀವೇ ಪಿ1ನ್ನು ಒಂದು ವೇರಿಯಬಲ್‌ಗೆ ಓದಿ, ಅಲ್ಲಿ ತಿದ್ದಿ, ಮತ್ತೆ ಪಿ1ಕ್ಕೆ ಬರೆದರೆ ಆ ರಕ್ಷಣೆ ಇಲ್ಲ. ಓದಿದ್ದು ಪಿನ್. ಒತ್ತಿಹಿಡಿದ ಸ್ವಿಚ್ 0 ಕೊಟ್ಟಿದ್ದರೆ, ಆ 0 ಲ್ಯಾಚ್‌ಗೆ ಹೋಗಿ ಕೂತು, ಸ್ವಿಚ್ ಬಿಟ್ಟ ಮೇಲೂ 0 ಆಗಿಯೇ ಉಳಿಯುತ್ತದೆ. ಸ್ವಿಚ್ "ಒಂದು ಸಲ ಮಾತ್ರ ಕೆಲಸ ಮಾಡುತ್ತದೆ" ಎಂಬ ದೂರು ಬಂದರೆ ಮೊದಲು ಇಲ್ಲಿ ನೋಡಿ.

ಹೆಜ್ಜೆ 4: ನಿಮ್ಮ ಬಿಟ್‌ಗಳನ್ನು ಮಾತ್ರ ಮುಟ್ಟಿ

ಟಿಮಾಡ್ ಒಂದೇ ಬೈಟ್, ಆದರೆ ಎರಡು ಟೈಮರ್‌ಗಳದ್ದು. ಮೇಲಿನ ನಾಲ್ಕು ಬಿಟ್ ಟೈಮರ್ 1ಕ್ಕೆ, ಕೆಳಗಿನ ನಾಲ್ಕು ಟೈಮರ್ 0ಗೆ. ಟೈಮರ್ 0 ಬೇಕು ಅಂತ ಇಡೀ ಬೈಟ್‌ಗೆ 1 ಹಾಕಿದರೆ ಟೈಮರ್ 1ರ ಜೋಡಣೆ ಹಾಳಾಯಿತು. ಅದು ಸೀರಿಯಲ್ ಪೋರ್ಟಿಗೆ ವೇಗ ಕೊಡುತ್ತಿದ್ದರೆ ಅಕ್ಷರಗಳೆಲ್ಲ ಗೋಜಲಾಗುತ್ತವೆ. ಸರಿಯಾದ ರೀತಿ:

ಟಿಮಾಡ್ = (ಟಿಮಾಡ್ & 11110000) | 00000001;

ಬಿಟ್‌ಗಳು ಕಣ್ಣಿಗೆ ಕಾಣಲಿ ಅಂತ ಬೈನರಿಯಲ್ಲಿ ಬರೆದಿದ್ದೇನೆ. ನಿಮ್ಮ ಕಂಪೈಲರ್‌ಗೆ ಹೆಕ್ಸ್‌ನಲ್ಲಿ ಕೊಡಿ. ಮೊದಲ ಭಾಗ ನಮ್ಮ ನಾಲ್ಕು ಬಿಟ್‌ಗಳನ್ನು ತೊಳೆಯುತ್ತದೆ, ಬೇರೆಯವರದ್ದನ್ನು ಹಾಗೇ ಬಿಡುತ್ತದೆ. ಎರಡನೆಯ ಭಾಗ ನಮಗೆ ಬೇಕಾದ್ದನ್ನು ಹಾಕುತ್ತದೆ. ತೊಳೆಯದೆ ಬರೀ ಆರ್ ಮಾಡುವುದು ಸಾಮಾನ್ಯ ತಪ್ಪು. ಹಳೆಯ ಮೋಡ್ 2 ಇದ್ದ ಕಡೆ ಮೋಡ್ 1 ಆರ್ ಮಾಡಿದರೆ ಮೋಡ್ 3 ಆಗುತ್ತದೆ, ಅಲ್ವಾ?

ಒಂದು ಬಿಟ್ ಏರಿಸಲು ಆರ್, ಇಳಿಸಲು ತಿರುಗಿಸಿದ ಮಾಸ್ಕ್ (ನಮಗೆ ಬೇಕಾದ ಬಿಟ್‌ಗಳನ್ನು ಗುರುತಿಸುವ ಸಂಖ್ಯೆ) ಜೊತೆ ಆಂಡ್, ಅದಲುಬದಲು ಮಾಡಲು ಎಕ್ಸ್‌ಆರ್. ಚುಕ್ಕೆ ಇಟ್ಟ ಹನ್ನೊಂದು ರಿಜಿಸ್ಟರ್‌ಗಳಲ್ಲಿ ಇದ್ಯಾವುದೂ ಬೇಡ, ಬಿಟ್ ಹೆಸರಿಗೇ ಬೆಲೆ ಹಾಕಿ. ಒಂದು ಸಣ್ಣ ಎಚ್ಚರಿಕೆ: ಕೀಲ್ ಕಂಪೈಲರ್‌ನಲ್ಲಿ ಪೋರ್ಟ್ ಬಿಟ್ ಘೋಷಿಸುವಾಗ ಬರೆಯುವ ^ ಚಿಹ್ನೆ ಎಕ್ಸ್‌ಆರ್ ಅಲ್ಲ, ಎಷ್ಟನೇ ಬಿಟ್ ಎಂದು ಹೇಳುವುದಕ್ಕೆ. ಬೇರೆ ಸಾಲಿನಲ್ಲಿ ಅದೇ ಚಿಹ್ನೆ ಎಕ್ಸ್‌ಆರ್. ಯಾರು ಇದನ್ನು ಆರಿಸಿದರೋ, ಹೊಸಬರಿಗೆ ತಲೆನೋವು ಕೊಟ್ಟಿದ್ದಾರೆ.

ಹೆಜ್ಜೆ 5: ಒಂದು ಟೈಮರ್ ಪೂರ್ತಿ ಕಟ್ಟಿ ನೋಡಿ

50 ಮಿಲಿಸೆಕೆಂಡ್ ವಿಳಂಬ ಬೇಕು. ಕ್ರಿಸ್ಟಲ್ 12 ಮೆಗಾಹರ್ಟ್ಸ್ ಅಂದುಕೊಳ್ಳೋಣ. ಮೂಲ 8051 ಹನ್ನೆರಡು ಕ್ಲಾಕ್‌ಗೆ ಒಂದು ಮಷೀನ್ ಸೈಕಲ್ ಮಾಡುತ್ತದೆ. ಟೈಮರ್ ಪ್ರತಿ ಮಷೀನ್ ಸೈಕಲ್‌ಗೆ ಒಂದು ಹೆಚ್ಚುತ್ತದೆ. ಅಂದರೆ ಮೈಕ್ರೋಸೆಕೆಂಡ್‌ಗೆ ಒಂದು. ನಮಗೆ 50,000 ಎಣಿಕೆ ಬೇಕು.

ಮೋಡ್ 1ರಲ್ಲಿ ಟೈಮರ್ 16 ಬಿಟ್. ಅದು ಮೇಲಕ್ಕೆ ಮಾತ್ರ ಎಣಿಸುತ್ತದೆ, 65,535 ದಾಟಿ ಸೊನ್ನೆಗೆ ಬಿದ್ದಾಗ ಫ್ಲ್ಯಾಗ್, ಅಂದರೆ ಹೀಗಾಯಿತು ಎಂದು ತಿಳಿಸುವ ಬಿಟ್, ಎತ್ತುತ್ತದೆ. ಹಾಗಾಗಿ 65,536ರಿಂದ 50,000 ಕಳೆದು, 15,536ರಿಂದ ಶುರು ಮಾಡಬೇಕು. ಇದನ್ನು 256ರಿಂದ ಭಾಗಿಸಿದರೆ 60, ಉಳಿಕೆ 176. 60 ಮೇಲಿನ ಬೈಟ್‌ಗೆ, 176 ಕೆಳಗಿನ ಬೈಟ್‌ಗೆ.

ಟಿಆರ್0 = 0;
ಟಿಮಾಡ್ = (ಟಿಮಾಡ್ & 11110000) | 00000001;
ಟಿಎಚ್0 = 60;
ಟಿಎಲ್0 = 176;
ಟಿಎಫ್0 = 0;
ಟಿಆರ್0 = 1;
ವೈಲ್ (ಟಿಎಫ್0 == 0);
ಟಿಆರ್0 = 0;
ಟಿಎಫ್0 = 0;

ಟಿಆರ್0 ಅಂದರೆ ಟೈಮರ್ 0 ಓಡಿಸುವ ಬಿಟ್, ಟಿಎಫ್0 ಅದರ ಫ್ಲ್ಯಾಗ್. ಎರಡೂ ಟಿಕಾನ್‌ನಲ್ಲಿವೆ. ಸಾಲುಗಳ ಕ್ರಮ ನೋಡಿ. ಮೊದಲು ಟೈಮರ್ ನಿಲ್ಲಿಸಿದೆವು. ಓಡುತ್ತಿರುವಾಗ ಮೇಲಿನ ಬೈಟ್ ಹಾಕಿ ಕೆಳಗಿನದ್ದು ಹಾಕುವಷ್ಟರಲ್ಲಿ ಕೆಳಗಿನ ಬೈಟ್ ತುಂಬಿ ಉರುಳಿದರೆ ಮೇಲಿನದ್ದಕ್ಕೆ ಒಂದು ಸೇರಿಬಿಡುತ್ತದೆ. ಮೋಡ್ ಆಮೇಲೆ, ಎಣಿಕೆ ಆಮೇಲೆ, ಹಳೆಯ ಫ್ಲ್ಯಾಗ್ ಇಳಿಸುವುದು ಆಮೇಲೆ. ಓಡಿಸುವ ಬಿಟ್ ಎಲ್ಲದಕ್ಕಿಂತ ಕೊನೆಗೆ. ಬಹುಮಟ್ಟಿಗೆ ಯಾವ ಚಿಪ್ಪಿನ ಯಾವ ಭಾಗಕ್ಕೂ ಈ ಕ್ರಮ ಒಪ್ಪುತ್ತದೆ: ನಿಲ್ಲಿಸು, ಜೋಡಿಸು, ಫ್ಲ್ಯಾಗ್ ಇಳಿಸು, ಓಡಿಸು.

ಓಡುತ್ತಿರುವ 16 ಬಿಟ್ ಟೈಮರನ್ನು ನಿಲ್ಲಿಸದೆ ಓದಬೇಕಾದಾಗಲೂ ಅದೇ ಉರುಳುವ ತೊಂದರೆ. ಮೇಲಿನ ಬೈಟ್ ಓದಿ, ಕೆಳಗಿನದ್ದು ಓದಿ, ಮತ್ತೊಮ್ಮೆ ಮೇಲಿನದ್ದು ಓದಿ. ಎರಡು ಸಲ ಬಂದದ್ದು ಒಂದೇ ಆಗಿರದಿದ್ದರೆ ಮತ್ತೆ ಮೊದಲಿಂದ. ಎವಿಆರ್‌ನಲ್ಲಿ ಇದಕ್ಕೆ ಹಾರ್ಡ್‌ವೇರೇ ಒಂದು ತಾತ್ಕಾಲಿಕ ರಿಜಿಸ್ಟರ್ ಇಟ್ಟಿದೆ. ಅಲ್ಲಿ ಓದುವಾಗ ಕೆಳಗಿನ ಬೈಟ್ ಮೊದಲು, ಬರೆಯುವಾಗ ಮೇಲಿನ ಬೈಟ್ ಮೊದಲು. ತಿರುವುಮುರುವು ಮಾಡಿದರೆ ತಪ್ಪು ಸಂಖ್ಯೆ ಬರುತ್ತದೆ.

ಹೆಜ್ಜೆ 6: ಫ್ಲ್ಯಾಗ್ ಇಳಿಸುವವರು ಯಾರು ಅಂತ ತಿಳಿದುಕೊಳ್ಳಿ

ಫ್ಲ್ಯಾಗ್ ಎತ್ತುವುದು ಹಾರ್ಡ್‌ವೇರ್. ಇಳಿಸುವ ನಿಯಮ ಮಾತ್ರ ಒಂದೊಂದಕ್ಕೂ ಬೇರೆ ಬೇರೆ. ಟಿಎಫ್0ನ್ನು ಮೇಲಿನ ಹಾಗೆ ಕಾದು ನೋಡುತ್ತಿದ್ದರೆ ನಾವೇ ಇಳಿಸಬೇಕು. ಅದೇ ಟಿಎಫ್0 ಇಂಟರಪ್ಟ್ ಕರೆದರೆ, ಇಂಟರಪ್ಟ್ ಕೋಡಿಗೆ ಹಾರುವಾಗ ಹಾರ್ಡ್‌ವೇರೇ ಇಳಿಸುತ್ತದೆ. ಸೀರಿಯಲ್ ಪೋರ್ಟಿನ ಟಿಐ (ಕಳಿಸಿ ಆಯಿತು) ಮತ್ತು ಆರ್‌ಐ (ಅಕ್ಷರ ಬಂತು) ಹಾಗಲ್ಲ. ಎರಡಕ್ಕೂ ಸೇರಿ ಒಂದೇ ಇಂಟರಪ್ಟ್ ಇದೆ. ಯಾವುದರಿಂದ ಬಂದದ್ದು ಅಂತ ನಮ್ಮ ಕೋಡ್ ನೋಡಬೇಕಲ್ಲ, ಅದಕ್ಕೆ ಹಾರ್ಡ್‌ವೇರ್ ಅವನ್ನು ಮುಟ್ಟುವುದಿಲ್ಲ. ಇಳಿಸುವುದು ಮರೆತರೆ ಇಂಟರಪ್ಟ್ ಮುಗಿದ ಕೂಡಲೇ ಮತ್ತೆ ಅದೇ ಇಂಟರಪ್ಟ್. ಮುಖ್ಯ ಕೋಡ್ ನಿಂತೇ ಹೋದಂತೆ ಕಾಣುತ್ತದೆ.

ಎವಿಆರ್‌ಗೆ ಹೋದವರಿಗೆ ಇನ್ನೊಂದು ಅಚ್ಚರಿ. ಅಲ್ಲಿ ಟೈಮರ್ ಫ್ಲ್ಯಾಗ್ ಇಳಿಸಲು ಅದಕ್ಕೆ 1 ಬರೆಯಬೇಕು! 0 ಬರೆದರೆ ಏನೂ ಆಗುವುದಿಲ್ಲ. ವಿಚಿತ್ರ ಅನ್ನಿಸಿದರೂ ಇದು ಜಾಣತನದ ಕೆಲಸ. ಇಳಿಸಬೇಕಾದ ಫ್ಲ್ಯಾಗ್‌ಗೆ 1, ಉಳಿದವಕ್ಕೆ 0 ಇರುವ ಸಂಖ್ಯೆಯನ್ನು ಒಂದೇ ಏಟಿಗೆ ಬರೆದುಬಿಡಬಹುದು. ಓದುವ ಕೆಲಸವೇ ಇಲ್ಲ. ಆ ನಡುವೆ ಹಾರ್ಡ್‌ವೇರ್ ಇನ್ನೊಂದು ಫ್ಲ್ಯಾಗ್ ಎತ್ತಿದರೂ ಅದು ಕಳೆದುಹೋಗುವುದಿಲ್ಲ. ಆದರೆ ಇಲ್ಲಿ ಹೆಜ್ಜೆ 4ರ ಅಭ್ಯಾಸ ತಿರುಗುಬಾಣ. ಓದಿ, ಆರ್ ಮಾಡಿ, ಬರೆದರೆ ಆಗ ಎದ್ದಿದ್ದ ಎಲ್ಲ ಫ್ಲ್ಯಾಗ್‌ಗಳಿಗೂ 1 ಬರೆದು ಎಲ್ಲವನ್ನೂ ಅಳಿಸಿಹಾಕಿದಂತೆ. ಇಂಥ ರಿಜಿಸ್ಟರ್‌ಗೆ ನೇರವಾಗಿ ಬೆಲೆ ಹಾಕಿ.

ಹೆಜ್ಜೆ 7: ಸೀರಿಯಲ್ ಪೋರ್ಟ್

ಇದನ್ನು ಬೇಗ ಮುಗಿಸೋಣ. ಎಸ್‌ಬಫ್ ವಿಳಾಸ 99 ಹೆಕ್ಸ್. ಒಂದೇ ಬಾಗಿಲು ಸಂಖ್ಯೆ ಇರುವ ಎರಡು ಮನೆ ಇದ್ದ ಹಾಗೆ: ಬರೆದದ್ದು ಕಳಿಸುವ ರಿಜಿಸ್ಟರ್‌ಗೆ ಹೋಗುತ್ತದೆ, ಓದಿದರೆ ಬರುವುದು ಸ್ವೀಕರಿಸಿದ ರಿಜಿಸ್ಟರ್‌ನಿಂದ. "ನಾನು 65 ಬರೆದೆ, ಓದಿದರೆ ಬೇರೇನೋ ಬರುತ್ತಿದೆ" ಅಂದರೆ ಚಿಪ್ ಸರಿಯಾಗಿಯೇ ಇದೆ. ಬರೆಯುವ ಕ್ರಿಯೆಯೇ ಕಳಿಸುವ ಕೆಲಸವನ್ನು ಶುರು ಮಾಡುತ್ತದೆ. ಬೇರೆ "ಶುರು" ಬಿಟ್ ಇಲ್ಲ.

9600 ಬಾಡ್‌ಗೆ (ಸೆಕೆಂಡಿಗೆ 9600 ಬಿಟ್) ಕ್ರಿಸ್ಟಲ್ 11.0592 ಮೆಗಾಹರ್ಟ್ಸ್ ಹಾಕುವುದು ಯಾಕೆ ಅಂತ ಲೆಕ್ಕ ಮಾಡಿ. 12ರಿಂದಲೂ ಆಮೇಲೆ 32ರಿಂದಲೂ ಭಾಗಿಸಿದರೆ ಸರಿಯಾಗಿ 28,800. ಅದನ್ನು 9600ರಿಂದ ಭಾಗಿಸಿದರೆ ಸರಿಯಾಗಿ 3. ಹಾಗಾಗಿ ಟೈಮರ್ 1ನ್ನು ಮೋಡ್ 2ರಲ್ಲಿಟ್ಟು (ಎಂಟು ಬಿಟ್ ಎಣಿಕೆ, ತುಂಬಿದಾಗ ಟಿಎಚ್1ರ ಬೆಲೆಯಿಂದ ತಾನೇ ಮತ್ತೆ ಶುರು) ಟಿಎಚ್1ಕ್ಕೆ 256ರಿಂದ 3 ಕಳೆದು 253 ಹಾಕುತ್ತಾರೆ. ಎಸ್‌ಕಾನ್‌ಗೆ 01010000, ಅಂದರೆ ಎಂಟು ಬಿಟ್ ಮೋಡ್ ಮತ್ತು ಸ್ವೀಕರಿಸಲು ಅನುಮತಿ. ಪಿಕಾನ್‌ನ ಮೇಲಿನ ತುದಿಯ ಬಿಟ್ ಏರಿಸಿದರೆ ವೇಗ ದುಪ್ಪಟ್ಟು. ಪಿಕಾನ್ ವಿಳಾಸ 87, ಚುಕ್ಕೆ ಇಲ್ಲದ್ದು, ಆದ್ದರಿಂದ ಮಾಸ್ಕ್ ಬಳಸಿ. ಅದರ ಕೆಳಗಿನ ತುದಿಯ ಬಿಟ್‌ಗೆ ಅಪ್ಪಿತಪ್ಪಿ 1 ಹೋದರೆ ಸಿಮಾಸ್ ಚಿಪ್‌ಗಳಲ್ಲಿ ಪ್ರೊಸೆಸರ್ ನಿದ್ದೆಗೆ ಜಾರುತ್ತದೆ, ಇಂಟರಪ್ಟೋ ರೀಸೆಟ್ಟೋ ಬಂದು ಎಬ್ಬಿಸಬೇಕು.

ಹೆಜ್ಜೆ 8: ಕಂಪೈಲರ್‌ಗೂ ಇಂಟರಪ್ಟ್‌ಗೂ ವಿಷಯ ತಿಳಿಸಿ

ಕಂಪೈಲರ್‌ಗೆ ಒಂದು ವಿಳಾಸ ಅಂದರೆ ಮೆಮೊರಿ. ಯಾರೂ ಬರೆಯದಿದ್ದರೆ ಬೆಲೆ ಬದಲಾಗದು ಎಂದು ನಂಬಿ, ಒಂದು ಸಲ ಓದಿ ಅದನ್ನೇ ಮತ್ತೆ ಮತ್ತೆ ಬಳಸುತ್ತದೆ. ಫ್ಲ್ಯಾಗ್‌ಗಾಗಿ ಕಾಯುವ ಲೂಪ್ ಆಗ ಮುಗಿಯುವುದೇ ಇಲ್ಲ. ಅದಕ್ಕೆ ವೊಲಟೈಲ್ ಎಂಬ ಪದ: ಇದರ ಬೆಲೆ ತಾನಾಗಿ ಬದಲಾಗಬಹುದು, ಪ್ರತಿ ಸಲ ಹೊಸದಾಗಿ ಓದು ಎಂದು ಕಂಪೈಲರ್‌ಗೆ ಹೇಳುವುದು. ತಯಾರಕರು ಕೊಡುವ ಹೆಡರ್ ಫೈಲ್‌ಗಳಲ್ಲಿ ಅದು ಈಗಾಗಲೇ ಇರುತ್ತದೆ. ನೀವೇ ಪಾಯಿಂಟರ್ ಬರೆದುಕೊಂಡರೆ ಸೇರಿಸಿಕೊಳ್ಳಿ. ಆಪ್ಟಿಮೈಸೇಷನ್ ಇಲ್ಲದಾಗ ಓಡುವ, ಇದ್ದಾಗ ನಿಲ್ಲುವ ಕೋಡ್ ಕಂಡರೆ ಮೊದಲ ಅನುಮಾನ ಇದರ ಮೇಲೆ.

ವೊಲಟೈಲ್ ಹಾಕಿದರೆ ಎಲ್ಲ ಕ್ಷೇಮ ಅಂತಲೂ ಅಲ್ಲ. ಮುಖ್ಯ ಕೋಡ್ ಒಂದು ಪೋರ್ಟ್ ಓದಿದೆ, ಇನ್ನೂ ಬರೆದಿಲ್ಲ. ಅಷ್ಟರಲ್ಲಿ ಇಂಟರಪ್ಟ್ ಬಂದು ಅದೇ ಪೋರ್ಟಿನ ಇನ್ನೊಂದು ಬಿಟ್ ಏರಿಸಿತು. ವಾಪಸ್ ಬಂದ ಮುಖ್ಯ ಕೋಡ್ ತನ್ನ ಹಳೆಯ ಬೆಲೆ ಬರೆದು ಅದನ್ನು ಅಳಿಸಿತು. 8051ರ ಬಿಟ್ ಆದೇಶದಲ್ಲಿ ಓದುವುದು, ಬರೆಯುವುದು ಒಂದೇ ಆದೇಶದೊಳಗೆ ಆಗುವುದರಿಂದ ಈ ತೊಂದರೆ ಇಲ್ಲ. ಎವಿಆರ್‌ನಲ್ಲಿ ಕೆಳಗಿನ 32 ಐ/ಒ ವಿಳಾಸಗಳಿಗೆ ಮಾತ್ರ ಅಂಥ ಆದೇಶ ಇದೆ. ಎಟಿಮೆಗಾ2560 ಚಿಪ್ಪಿನ ಪೋರ್ಟ್ ಎಚ್ ಆ ವ್ಯಾಪ್ತಿಯ ಹೊರಗಿದೆ. ಅಲ್ಲಿ ಒಂದು ಬಿಟ್ ಏರಿಸಲು ಮೂರು ಆದೇಶ ಬೇಕು, ನಡುವೆ ಇಂಟರಪ್ಟ್ ನುಗ್ಗಬಹುದು. ಆ ಸಾಲಿನ ಹಿಂದೆ ಮುಂದೆ ಇಂಟರಪ್ಟ್ ಮುಚ್ಚಿ ತೆರೆಯಬೇಕು. ಎಸ್‌ಟಿಎಂ32ರಲ್ಲಿ ಇದಕ್ಕೆಂದೇ ಬಿಎಸ್‌ಆರ್‌ಆರ್ ರಿಜಿಸ್ಟರ್ ಇದೆ. ಕೆಳಗಿನ 16 ಬಿಟ್‌ಗಳಲ್ಲಿ 1 ಬರೆದರೆ ಆ ಪಿನ್ ಏರುತ್ತದೆ, ಮೇಲಿನ 16ರಲ್ಲಿ 1 ಬರೆದರೆ ಇಳಿಯುತ್ತದೆ. 0 ಬರೆದ ಪಿನ್‌ಗಳು ಅಲುಗುವುದಿಲ್ಲ.

ಹೆಜ್ಜೆ 9: ಬೇರೆ ಚಿಪ್‌ಗೆ ಹೋಗುವಾಗ

ಎಟಿಮೆಗಾ328ಪಿ, ಅಂದರೆ ಆರ್ಡುಯಿನೋ ಊನೋ ಆರ್3 ಬೋರ್ಡ್‌ನಲ್ಲಿ ಇರುವ ಚಿಪ್, ಒಂದು ಪೋರ್ಟ್‌ಗೆ ಮೂರು ರಿಜಿಸ್ಟರ್ ಇಟ್ಟಿದೆ. ಡಿಡಿಆರ್‌ಬಿ ದಿಕ್ಕು ಹೇಳುತ್ತದೆ, ಪೋರ್ಟ್‌ಬಿ ಲ್ಯಾಚ್, ಪಿನ್‌ಬಿ ಪಿನ್ನಿನ ಈಗಿನ ಸ್ಥಿತಿ. 8051 ಆದೇಶದ ಮೂಲಕ ಬಚ್ಚಿಟ್ಟ ವ್ಯತ್ಯಾಸವನ್ನು ಇದು ಬೇರೆ ಬೇರೆ ವಿಳಾಸ ಕೊಟ್ಟು ಬಿಚ್ಚಿಟ್ಟಿದೆ. ನನಗೆ ಇದೇ ಹೆಚ್ಚು ಇಷ್ಟ. ಇನ್‌ಪುಟ್ ಆಗಿರುವಾಗ ಲ್ಯಾಚ್‌ಗೆ 1 ಬರೆದರೆ ಪುಲ್‌ಅಪ್ ಸಿಗುತ್ತದೆ, ಪಿನ್‌ಬಿಗೆ 1 ಬರೆದರೆ ಲ್ಯಾಚ್‌ನ ಆ ಬಿಟ್ ತಿರುಗುತ್ತದೆ. ಡೇಟಾಶೀಟ್‌ನಲ್ಲಿ ಹಲವು ರಿಜಿಸ್ಟರ್‌ಗಳಿಗೆ ಎರಡೆರಡು ವಿಳಾಸ ಕಂಡರೆ ಗಾಬರಿ ಬೇಡ. ಒಂದು ಐ/ಒ ಆದೇಶಗಳಿಗೆ, ಇನ್ನೊಂದು ಮೆಮೊರಿ ಆದೇಶಗಳಿಗೆ. ಎರಡರ ನಡುವೆ 20 ಹೆಕ್ಸ್ ಅಂತರ.

ಪಿಐಸಿ16ಎಫ್877ಎ ಚಿಪ್ಪಿನಲ್ಲಿ ದಿಕ್ಕು ಉಲ್ಟಾ: ಟ್ರಿಸ್ ರಿಜಿಸ್ಟರ್‌ನಲ್ಲಿ 1 ಅಂದರೆ ಇನ್‌ಪುಟ್, 0 ಅಂದರೆ ಔಟ್‌ಪುಟ್. ಜೊತೆಗೆ ನಾಲ್ಕು ಬ್ಯಾಂಕ್. ಪೋರ್ಟ್‌ಬಿ ವಿಳಾಸ 06 ಹೆಕ್ಸ್, ಟ್ರಿಸ್‌ಬಿ ವಿಳಾಸ 86. ಆದೇಶದೊಳಗೆ ಹಿಡಿಸುವುದು ಕೆಳಗಿನ ಏಳು ಬಿಟ್ ಮಾತ್ರ, ಎರಡಕ್ಕೂ ಅದು 06ವೇ. ಅಸೆಂಬ್ಲಿಯಲ್ಲಿ ಬ್ಯಾಂಕ್ ಬದಲಿಸಲು ಮರೆತರೆ ಟ್ರಿಸ್‌ಬಿಗೆ ಬರೆದದ್ದು ಪೋರ್ಟ್‌ಬಿಗೆ ಹೋಗುತ್ತದೆ, ಯಾವ ದೂರೂ ಬರುವುದಿಲ್ಲ. ಸಿ ಕಂಪೈಲರ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಈ ಚಿಪ್ಪಿನಲ್ಲಿ ಓದಿ-ತಿದ್ದಿ-ಬರೆಯುವ ಆದೇಶಗಳು ಪಿನ್ನನ್ನೇ ಓದುತ್ತವೆ, ಹೆಜ್ಜೆ 3ರ ಟ್ರಾನ್ಸಿಸ್ಟರ್ ತೊಂದರೆ ಇಲ್ಲಿ ನಿಜವಾಗಿಯೂ ಬರುತ್ತದೆ. ಪಿಐಸಿ18ರಲ್ಲಿ ಲ್ಯಾಟ್ ಎಂಬ ಬೇರೆ ರಿಜಿಸ್ಟರ್ ಬಂದದ್ದು ಅದಕ್ಕೇ. ಇನ್ನು 16ಎಫ್877ಎಯಲ್ಲಿ ಪೋರ್ಟ್ ಎಯ ಹೆಚ್ಚಿನ ಪಿನ್‌ಗಳು ಕರೆಂಟ್ ಬಂದಾಗ ಅನಲಾಗ್ ಆಗಿ ಏಳುತ್ತವೆ. ಎಡಿಕಾನ್1 ರಿಜಿಸ್ಟರ್ ಬದಲಿಸುವ ತನಕ ಅಲ್ಲಿ ಸ್ವಿಚ್ ಓದಿದರೆ 0ಯೇ ಬರುತ್ತದೆ.

ಎಸ್‌ಟಿಎಂ32ರಲ್ಲಿ ರಿಜಿಸ್ಟರ್‌ಗಳು 32 ಬಿಟ್, ಹೊರಭಾಗಗಳ ವಿಳಾಸ 40000000 ಹೆಕ್ಸ್‌ನಿಂದ ಶುರು. ಇಲ್ಲಿ ಪಾಯಿಂಟರ್ ಧಾರಾಳವಾಗಿ ಬಳಸಬಹುದು. ಹೊಸಬರು ಎಡವುವುದು ಒಂದೇ ಕಡೆ. ಕರೆಂಟ್ ಉಳಿಸಲು ಹೆಚ್ಚಿನ ಭಾಗಗಳ ಕ್ಲಾಕ್ ಮುಚ್ಚಿರುತ್ತದೆ. ಆರ್‌ಸಿಸಿ ಎಂಬ ಭಾಗದಲ್ಲಿ ಮೊದಲು ಕ್ಲಾಕ್ ತೆರೆಯಬೇಕು. ತೆರೆಯದೆ ಬರೆದರೆ ಏನೂ ಅಂಟುವುದಿಲ್ಲ, ಓದಿದರೆ ಸೊನ್ನೆ.

ಕೆಲಸ ಮಾಡದಿದ್ದರೆ

ಡೀಬಗರ್ ಇದ್ದರೆ ರಿಜಿಸ್ಟರ್ ಕಿಟಕಿ ತೆರೆದು, ಒಂದೊಂದೇ ಸಾಲು ಓಡಿಸಿ, ಪ್ರತಿ ಸಾಲಿನ ನಂತರ ಬೆಲೆ ನೋಡಿ. ಬರೆದದ್ದು ಉಳಿಯಲೇ ಇಲ್ಲವಾದರೆ ಕಾರಣ ಹೆಚ್ಚಾಗಿ ಇಷ್ಟರಲ್ಲೇ ಇರುತ್ತದೆ: ಕ್ಲಾಕ್ ಮುಚ್ಚಿದೆ, ಬ್ಯಾಂಕ್ ತಪ್ಪಿದೆ, ಬಿಟ್ ಓದಲು ಮಾತ್ರ ಇದೆ, ಅಥವಾ ಆ ರಿಜಿಸ್ಟರ್‌ಗೆ ಬರೆಯುವ ಮೊದಲು ಬೇರೆಡೆ ಒಂದು ಬೀಗ ತೆರೆಯಬೇಕು. ಬೆಲೆ ಸರಿಯಾಗಿ ಕೂತಿದೆ, ಆದರೂ ಪಿನ್ ಅಲುಗದಿದ್ದರೆ ಆ ಪಿನ್ನನ್ನು ಇನ್ನಾವುದೋ ಭಾಗ ಹಿಡಿದುಕೊಂಡಿದೆಯೇ ನೋಡಿ. ಸೀರಿಯಲ್, ಟೈಮರ್, ಅನಲಾಗ್ ಮೂರೂ ಪಿನ್ ಹಂಚಿಕೊಳ್ಳುತ್ತವೆ.

ಡೀಬಗರ್ ಬಗ್ಗೆಯೂ ಒಂದು ಮಾತು. ಅದು ರಿಜಿಸ್ಟರ್ ತೋರಿಸಬೇಕಾದರೆ ರಿಜಿಸ್ಟರನ್ನು ಓದಲೇಬೇಕು. ಓದಿದ ಕೂಡಲೇ ಫ್ಲ್ಯಾಗ್ ಇಳಿಯುವ ರಿಜಿಸ್ಟರ್‌ಗಳು ಕೆಲವು ಚಿಪ್‌ಗಳಲ್ಲಿ ಇವೆ. ಎಸ್‌ಟಿಎಂ32ಎಫ್1ರ ಸೀರಿಯಲ್ ಡೇಟಾ ರಿಜಿಸ್ಟರ್ ಅಂಥದ್ದು: ಓದಿದರೆ "ಅಕ್ಷರ ಬಂದಿದೆ" ಎಂಬ ಫ್ಲ್ಯಾಗ್ ಇಳಿಯುತ್ತದೆ. ಕಿಟಕಿ ತೆರೆದಿಟ್ಟಾಗ ಮಾತ್ರ ಅಕ್ಷರಗಳು ಕಾಣೆಯಾಗುತ್ತಿದ್ದರೆ ಕೋಡ್ ತಿದ್ದಲು ಹೋಗಬೇಡಿ, ಕಿಟಕಿ ಮುಚ್ಚಿ ಇನ್ನೊಮ್ಮೆ ಓಡಿಸಿ.